ವಿ.ಕೆ. ಮೂರ್ತಿಯವರ ಕನ್ನಡಿ, ಸುಬ್ರತ ಮಿತ್ರರ ಬಿಳಿ ಬಟ್ಟೆ: ಕೊಡಗಿನ ಬೆಳಕಿನಲ್ಲಿ ಛಾಯಾಗ್ರಹಣ ಕಲಿಯುವ ಬಗೆ

ಕೊಡಗಿನಲ್ಲಿ ಶೂಟ್ ಮಾಡಿದ ಕಿರುಚಿತ್ರಗಳಲ್ಲಿ ಬೆಟ್ಟ ಇರುತ್ತದೆ, ಮಂಜು ಇರುತ್ತದೆ, ಕಾಫಿ ತೋಟದ ಹಸಿರು ಧಾರಾಳವಾಗಿರುತ್ತದೆ. ಆದರೂ ಫ್ರೇಮು ಸಪ್ಪೆ. ಮುಖ, ಮರ, ಆಕಾಶ ಮೂರೂ ಒಂದೇ ಬೂದು ಮಟ್ಟದಲ್ಲಿ ಅಂಟಿಕೊಂಡಿರುತ್ತವೆ. ತಪ್ಪು ಕ್ಯಾಮೆರಾದ್ದಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಮೋಡ ಇಡೀ ಆಕಾಶವನ್ನೇ ಒಂದು ದೀಪವಾಗಿಸುತ್ತದೆ. ಉಳಿದ ತಿಂಗಳುಗಳಲ್ಲಿ ತೋಟದೊಳಗೆ ಸಿಲ್ವರ್ ಓಕ್, ಹಲಸು, ಅತ್ತಿ ಮರಗಳ ನೆರಳು ಅದೇ ಕೆಲಸ ಮಾಡುತ್ತದೆ. ಮೃದುವಾದ ಬೆಳಕಿಗೆ ಇಲ್ಲಿ ಬರವಿಲ್ಲ. ಬೆಳಕಿನ ದಿಕ್ಕಿಗೆ ಬರ.

ದೊಡ್ಡ ಛಾಯಾಗ್ರಾಹಕರಿಂದ ಕಲಿಯುವಾಗಲೂ ಈ ಮಾತು ನೆನಪಿರಲಿ. ‘ಎಷ್ಟು ಚೆನ್ನಾಗಿದೆ’ ಎಂದು ನೋಡುತ್ತ ಕೂತರೆ ಏನೂ ದಕ್ಕುವುದಿಲ್ಲ. ಆ ದೃಶ್ಯದಲ್ಲಿ ಬೆಳಕು ಎಲ್ಲಿಂದ ಒಳಗೆ ಬಂತು, ಎಲ್ಲಿ ಅದನ್ನು ತಡೆದರು, ಆ ದಿನ ಅವರಿಗಿದ್ದ ತೊಂದರೆ ಏನು ಎಂದು ಕೇಳಿಕೊಂಡರೆ ಮಡಿಕೇರಿಯ ಮಳೆಗೂ ವಿರಾಜಪೇಟೆಯ ತೋಟಕ್ಕೂ ಆಗಿಬರುವ ಉಪಾಯ ಸಿಗುತ್ತದೆ.

ಮೊದಲು ನೋಡುವ ಕ್ರಮ

ಒಬ್ಬರನ್ನೇ ಹಿಡಿಯಿರಿ, ಅವರ ಒಂದೇ ಚಿತ್ರ, ಅದರಲ್ಲಿ ಮೂರು ನಿಮಿಷದ ಒಂದು ದೃಶ್ಯ. ಸದ್ದು ಬಂದ್ ಮಾಡಿ, ಕೋಣೆ ಕತ್ತಲು ಮಾಡಿ ನೋಡಿ. ಪ್ರತಿ ಶಾಟ್ ನಿಲ್ಲಿಸಿ ಮೂರು ಸಂಗತಿ ಬರೆದುಕೊಳ್ಳಿ: ಕಣ್ಣಿನ ಪಾಪೆಯಲ್ಲಿ ಹೊಳೆಯುವ ಬಿಂದು ಎಲ್ಲಿದೆ ಮತ್ತು ಯಾವ ಆಕಾರದ್ದು, ಮೂಗಿನ ನೆರಳು ಯಾವ ಕಡೆಗೆ ಬಿದ್ದಿದೆ, ಫ್ರೇಮಿನ ಅತಿ ಬೆಳ್ಳನೆಯ ಜಾಗ ಯಾವುದು. ಕಣ್ಣಿನ ಬಿಂದು ಚೌಕವಾಗಿದ್ದರೆ ಕಿಟಕಿ ಅಥವಾ ಬೌನ್ಸ್ ಬೋರ್ಡ್ (ಬೆಳಕು ಪುಟಿಸುವ ಬಿಳಿ ಹಲಗೆ). ಚಿಕ್ಕ ಚುಕ್ಕೆಯಾಗಿದ್ದರೆ ದೂರದ ಗಡಸು ದೀಪ. ಬಿಂದುವೇ ಇಲ್ಲದಿದ್ದರೆ ಬೆಳಕು ತಲೆಯ ಮೇಲಿನಿಂದ ಬಂದಿರುವ ಸಾಧ್ಯತೆ ಹೆಚ್ಚು. ಆಮೇಲೆ ಮೇಲಿನಿಂದ ಕಂಡಂತೆ ಕೋಣೆಯ ನಕ್ಷೆ ಬರೆದು ಬಾಣದ ಗುರುತಿನಲ್ಲಿ ಬೆಳಕು ಹಾಕಿ.

ಕನ್ನಡದವರು ಇದಕ್ಕೆ ಛಾಯಾಗ್ರಾಹಕ ಎಸ್. ರಾಮಚಂದ್ರ ಅವರಿಂದ ಶುರು ಮಾಡಬಹುದು. 1977ರ ‘ಘಟಶ್ರಾದ್ಧ’ ಕಪ್ಪು-ಬಿಳುಪು. ಹಸಿರು ಕಾಪಾಡುತ್ತದೆ ಎಂಬ ಧೈರ್ಯವಿಲ್ಲದೆ ಮಲೆನಾಡಿನ ಮನೆ, ಅಂಗಳ, ಕಾಡುಗಳನ್ನು ಬರೀ ಬೂದುಮಟ್ಟಗಳಲ್ಲಿ ಬಿಡಿಸಿಟ್ಟಿದ್ದಾರೆ. ನೀವೂ ಕೊಡಗಿನಲ್ಲಿ ಮೊದಲ ವಾರ ಮಾನಿಟರನ್ನು ಕಪ್ಪು-ಬಿಳುಪಿಗೆ ಹಾಕಿ ಫ್ರೇಮು ಕಟ್ಟಿ. ರೆಕಾರ್ಡಿಂಗ್ ಬಣ್ಣದಲ್ಲೇ ಇರಲಿ. ಬಣ್ಣ ಹೋದ ಕೂಡಲೇ ಕಾಫಿ ಗಿಡವೂ ಅದರ ಮುಂದೆ ನಿಂತ ಹಸಿರು ಸೀರೆಯೂ ಒಂದೇ ಎಂದು ಗೊತ್ತಾಗುತ್ತದೆ. ಸೀರೆ ಬದಲಿಸಬೇಕೋ ಜಾಗ ಬದಲಿಸಬೇಕೋ ಎಂಬುದು ಸ್ಥಳದಲ್ಲೇ ತೀರ್ಮಾನವಾಗುತ್ತದೆ.

ತೋಟದೊಳಗೆ ಕನ್ನಡಿ

ಮೈಸೂರಿನಲ್ಲಿ ಹುಟ್ಟಿದ ವಿ.ಕೆ. ಮೂರ್ತಿ (1923–2014) ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ. 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಖಾಲಿ ಸ್ಟುಡಿಯೋದೊಳಗೆ ಇಳಿಯುವ ಆ ಬೆಳಕಿನ ಕೋಲು ದೀಪದ್ದಲ್ಲ, ಸೂರ್ಯನದ್ದು. ಹೊರಗೆ ಒಂದು ದೊಡ್ಡ ಕನ್ನಡಿ ಬಿಸಿಲು ಹಿಡಿದು ಒಳಗಿನ ಇನ್ನೊಂದು ಕನ್ನಡಿಗೆ ಕೊಟ್ಟಿತು, ಅದು ಕೆಳಕ್ಕೆ ಕಳಿಸಿತು. ಸ್ಟುಡಿಯೋ ದೀಪದ ಕಿರಣ ಹೊರಟ ಕೂಡಲೇ ಅಗಲವಾಗುತ್ತದೆ. ಸೂರ್ಯನ ಕಿರಣ ಹೆಚ್ಚುಕಮ್ಮಿ ಸಮಾನಾಂತರ. ಇದಕ್ಕೂ ಒಂಬತ್ತು ವರ್ಷ ಮೊದಲು ಜಪಾನಿನ ಕಜುವೊ ಮಿಯಾಗಾವಾ ‘ರಾಶೋಮನ್’ (1950) ಚಿತ್ರಕ್ಕೆ ದಟ್ಟ ಕಾಡಿನೊಳಗೆ ಕನ್ನಡಿಯಿಂದಲೇ ಬಿಸಿಲು ತಂದಿದ್ದರು. ನೆರಳು ತುಂಬಿದ ಕಾಫಿ ತೋಟದಲ್ಲಿ ನಿಂತವರಿಗೆ ಇವರಿಬ್ಬರಿಗಿಂತ ಹತ್ತಿರದ ಗುರುಗಳಿಲ್ಲ.

ಬೇಕಾದದ್ದು: 2 ಅಡಿ × 3 ಅಡಿಯ ಎರಡು ಸಾದಾ ಕನ್ನಡಿ, ಹಿಂದೆ ಪ್ಲೈವುಡ್ ಹಲಗೆ, ಕನ್ನಡಿಗೊಂದು ಗಟ್ಟಿ ಸ್ಟ್ಯಾಂಡ್, ಎರಡು ಮರಳು ಚೀಲ, ಮುಚ್ಚಲು ಗೋಣಿಚೀಲ, ಎರಡು ಮೀಟರ್ ಬಿಳಿ ಬಟ್ಟೆ. ಡ್ರೆಸ್ಸಿಂಗ್ ಟೇಬಲ್ಲಿನ ಹಳೆಯ ಕನ್ನಡಿಯೂ ಆದೀತು. ರಸ ಎದ್ದುಹೋಗಿದ್ದರೆ ಬೆಳಕಿನ ಮಚ್ಚೆಯಲ್ಲಿ ತೂತು ಕಾಣಿಸುತ್ತದೆ, ಅಷ್ಟೇ.

ತೋಟದಲ್ಲಿ ಬಿಸಿಲು ನೇರವಾಗಿ ಬೀಳುವ ಜಾಗ ಹುಡುಕಿ: ಕಣದ ಅಂಚು, ತೋಡಿನ ಪಕ್ಕದ ತೆರವು, ಈಚೆಗೆ ಮರಕಸಿ ಮಾಡಿದ (ನೆರಳಿನ ಕೊಂಬೆ ಸವರಿದ) ತಾಕು. ಮೊದಲ ಕನ್ನಡಿ ಅಲ್ಲಿ ನಿಲ್ಲಲಿ. ನಟ ನಿಂತಿರುವ ನೆರಳು ಹತ್ತು ಮೀಟರ್ ಒಳಗಿದ್ದರೆ ಕೆಲಸ ಸುಲಭ. ಸೂರ್ಯನ ಬಿಂಬ ಆಕಾಶದಲ್ಲಿ ಅರ್ಧ ಡಿಗ್ರಿಯಷ್ಟು ಅಗಲವಿರುವುದರಿಂದ ಹತ್ತು ಮೀಟರ್ ದೂರದಲ್ಲಿ ಬೆಳಕಿನ ಅಂಚು ಒಂಬತ್ತು ಸೆಂಟಿಮೀಟರಿನಷ್ಟು ಮಸುಕಾಗುತ್ತದೆ. ಮುಖದ ಮೇಲೆ ಈ ಮಸುಕು ಅಂಚೇ ಒಳ್ಳೆಯದು.

ಇಲ್ಲಿ ಕೈಕೊಡುವುದು ಎರಡು ಕಡೆ. ಒಂದು, ಸೂರ್ಯ ನಿಲ್ಲುವುದಿಲ್ಲ. ಗಂಟೆಗೆ 15 ಡಿಗ್ರಿ, ಅಂದರೆ ನಾಲ್ಕು ನಿಮಿಷಕ್ಕೆ ಒಂದು. ಹತ್ತು ಮೀಟರ್ ದೂರದಲ್ಲಿ ಆ ಒಂದು ಡಿಗ್ರಿ ಸುಮಾರು 17 ಸೆಂಟಿಮೀಟರ್. ಕಣ್ಣಿಗೆ ಬಿದ್ದ ಬೆಳಕು ಎರಡನೇ ಟೇಕ್ ಮುಗಿಯುವಷ್ಟರಲ್ಲಿ ಕಿವಿಯ ಮೇಲಿರುತ್ತದೆ. ಪ್ರತಿ ಟೇಕಿಗೂ ಮುಂಚೆ ಕನ್ನಡಿ ಸರಿಪಡಿಸುವುದು ಒಬ್ಬನ ಪೂರ್ಣಾವಧಿ ಕೆಲಸ. ಸರಿಪಡಿಸುವಾಗ ಕನ್ನಡಿಯನ್ನು ಒಂದು ಡಿಗ್ರಿ ತಿರುಗಿಸಿದರೆ ಕಿರಣ ಎರಡು ಡಿಗ್ರಿ ಹಾರುತ್ತದೆ. ಕೈಯಲ್ಲಿ ಹಿಡಿದು ಮಾಡುವ ಕೆಲಸ ಇದಲ್ಲ, ಸ್ಟ್ಯಾಂಡಿನ ತಿರುಪಿನಲ್ಲೇ ಮಾಡಬೇಕು.

ಎರಡು, ಕನ್ನಡಿಯ ಬಿಸಿಲು ತೋಟದ ನೆರಳಿಗಿಂತ ನಾಲ್ಕೈದು ಸ್ಟಾಪ್ ಜೋರಾಗಿರುತ್ತದೆ (ಒಂದು ಸ್ಟಾಪ್ ಏರಿದರೆ ಬೆಳಕು ಇಮ್ಮಡಿ, ಇಳಿದರೆ ಅರ್ಧ). ನೇರ ಮುಖಕ್ಕೆ ಬಿಟ್ಟರೆ ನಟ ಕಣ್ಣು ಕಿವಿಚುತ್ತಾನೆ, ಹಣೆ ಬೆಳ್ಳಗೆ ಸುಟ್ಟುಹೋಗುತ್ತದೆ. ಕನ್ನಡಿಯ ಬೆಳಕನ್ನು ಬಿಳಿ ಬಟ್ಟೆಗೆ ಹೊಡೆಸಿ, ಬಟ್ಟೆಯಿಂದ ಮುಖಕ್ಕೆ ಬರಲಿ. ಬಟ್ಟೆ ನಟನ ಒಂದು ಪಕ್ಕಕ್ಕೆ, ಕಣ್ಣಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ನಾಲ್ಕರಿಂದ ಆರು ಅಡಿ ದೂರದಲ್ಲಿರಲಿ. ಎರಡನೇ ಕನ್ನಡಿಯ ನೇರ ಬೆಳಕನ್ನು ಹಿಂದಿನ ಕಾಂಡಗಳಿಗೋ ಮೆಣಸಿನ ಬಳ್ಳಿಗೋ ಬಿಡಿ. ಆಗಲೇ ಆಳ ಹುಟ್ಟುವುದು: ಮುಂದೆ ಮೃದು ಮುಖ, ನಡುವೆ ನೆರಳು, ಹಿಂದೆ ಗಡಸು ಬಿಸಿಲಿನ ಒಂದು ಪಟ್ಟೆ.

ಹೊಸ ಬಿಳಿ ಪಂಚೆ ಬೇಡ. ಅದರಲ್ಲಿ ನೀಲಿಯೂ ಹೊಳಪಿನ ರಾಸಾಯನಿಕವೂ ಇರುತ್ತದೆ, ಮುಖ ತಣ್ಣಗೆ ನೀಲಿಯಾಗುತ್ತದೆ. ಬಿಳುಪು ಮಾಡದ ಕೋರಾ ಬಟ್ಟೆ ತನ್ನಿ. ಅದರ ಸಣ್ಣ ಹಳದಿ ಛಾಯೆ ಮುಖಕ್ಕೆ ಸ್ವಲ್ಪ ಬಿಸುಪು ಕೊಡುತ್ತದೆ. ವೈಟ್ ಬ್ಯಾಲೆನ್ಸ್ ಕಾರ್ಡನ್ನು ಕ್ಯಾಮೆರಾದ ಹತ್ತಿರ ಹಿಡಿಯಬೇಡಿ, ನಟನ ಮುಖದ ಜಾಗದಲ್ಲೇ ಹಿಡಿಯಿರಿ. ಎಲೆಗಳನ್ನು ದಾಟಿ ಬಂದ ಬೆಳಕಿನ ಹಸಿರನ್ನು ಕೆಲ್ವಿನ್ ಅಂಕಿ ಬದಲಿಸಿ ತೆಗೆಯಲಾಗುವುದಿಲ್ಲ. ಟಿಂಟನ್ನು ಮಜೆಂಟಾ ಕಡೆಗೆ ಸರಿಸಬೇಕು.

ಬ್ರೇಕಿನಲ್ಲಿ ಕನ್ನಡಿಗೆ ಗೋಣಿಚೀಲ ಹೊದಿಸಿ. ರಸ್ತೆ ಪಕ್ಕದ ತೋಟವಾದರೆ ಇದು ಕಡ್ಡಾಯ. ತಿರುವಿನಲ್ಲಿ ಬರುವ ಡ್ರೈವರನ ಕಣ್ಣಿಗೆ ಬಿಸಿಲು ಹೊಡೆದರೆ ಏನಾಗುತ್ತದೆಂದು ಹೇಳಬೇಕಿಲ್ಲ.

ಕಾಫಿ ಎಲೆಯ ಬಗ್ಗೆ ಒಂದು ಮಾತು ಇಲ್ಲೇ. ಅದರ ಮೇಲ್ಮೈ ನುಣುಪು, ಬಿಳಿ ಆಕಾಶವನ್ನು ಹಾಗೇ ಪ್ರತಿಫಲಿಸುತ್ತದೆ. ದೊಡ್ಡ ಎಲೆಯ ರೋಬಸ್ಟಾದಲ್ಲಿ ಇದು ಇನ್ನೂ ಜಾಸ್ತಿ. ಪೋಲರೈಸರ್ ಹಾಕಿದರೆ ಹೊಳಪು ಹೋಗಿ ಹಸಿರು ಬರುತ್ತದೆ, ಒಂದೂವರೆಯಿಂದ ಎರಡು ಸ್ಟಾಪ್ ಬೆಳಕೂ ಹೋಗುತ್ತದೆ. ಪೂರ್ತಿ ತಿರುಗಿಸಬೇಡಿ. ಹೊಳಪೆಲ್ಲ ಸತ್ತ ಎಲೆ ಪ್ಲಾಸ್ಟಿಕ್ಕಿನದು ಅನ್ನಿಸುತ್ತದೆ, ಅರ್ಧಕ್ಕೆ ನಿಲ್ಲಿಸಿ.

ಒಳಾಂಗಳಕ್ಕೆ ಚಪ್ಪರ

ಬೌನ್ಸ್ ಲೈಟಿಂಗಿನ ಮೂಲದಲ್ಲೂ ಒಂದು ಮಳೆ ಇದೆ. 1956ರ ‘ಅಪರಾಜಿತೊ’ ಚಿತ್ರಕ್ಕೆ ಕಾಶಿಯ ಮನೆಯ ಒಳಾಂಗಳವನ್ನು ಬಯಲಿನಲ್ಲೇ ಕಟ್ಟುವುದು ಮೊದಲ ಯೋಜನೆ. ಮಳೆಗಾಲದ ಭಯದಿಂದ ಕಲಾ ನಿರ್ದೇಶಕ ಬನ್ಸಿ ಚಂದ್ರಗುಪ್ತ ಸೆಟ್ಟನ್ನು ಕಲ್ಕತ್ತೆಯ ಸ್ಟುಡಿಯೋದೊಳಗೆ ಕಟ್ಟಬೇಕಾಯಿತು. ಆಕಾಶದಿಂದ ಇಳಿಯುವ ನೆರಳಿಲ್ಲದ ಬೆಳಕನ್ನು ಸ್ಟುಡಿಯೋ ದೀಪದಲ್ಲಿ ತರುವುದು ಹೇಗೆ? ಛಾಯಾಗ್ರಾಹಕ ಸುಬ್ರತ ಮಿತ್ರ ಸೆಟ್ಟಿನ ಮೇಲೆ ಬಿಳಿ ಬಟ್ಟೆ ಬಿಗಿದು, ದೀಪಗಳನ್ನು ಕೆಳಗಿನಿಂದ ಅದಕ್ಕೆ ಹೊಡೆಸಿದರು. ಬಟ್ಟೆಯೇ ಆಕಾಶವಾಯಿತು.

ಒಳಾಂಗಳವಿರುವ, ಕೊಡವ ಕುಲಗಳ ಮೂಲಮನೆಗಳಾದ ಹಳೆಯ ಐನ್‌ಮನೆಗಳಲ್ಲಿ ತೊಂದರೆ ತಿರುವುಮುರುವು. ಆಕಾಶ ಇದೆ, ಆದರೆ ಏಪ್ರಿಲ್ ಮಧ್ಯಾಹ್ನ ಅದು ಬಿಸಿಲಿನ ಒಂದು ಚೌಕವನ್ನು ನೆಲಕ್ಕೆ ಎಸೆದು ಸುತ್ತಲಿನ ಕಂಬಸಾಲನ್ನು ಕತ್ತಲು ಮಾಡುತ್ತದೆ. ಮಡಿಕೇರಿ ಇರುವುದು 12.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಮೂರನೇ ವಾರ ದಾಟಿದ ಮೇಲೆ ಒಮ್ಮೆ, ಆಗಸ್ಟ್ ಮೂರನೇ ವಾರದ ಆಸುಪಾಸಿನಲ್ಲಿ ಇನ್ನೊಮ್ಮೆ ಸೂರ್ಯ ನೆತ್ತಿಯ ಮೇಲೆ ನೇರವಾಗಿ ಹಾಯುತ್ತಾನೆ. ಆಗ ಅಂಗಳದ ಮೇಲೆ ಕೋರಾ ಬಟ್ಟೆಯ ಚಪ್ಪರ ಬಿಗಿಯಿರಿ. ಒಂದು ಪದರಕ್ಕೆ ಒಂದೂವರೆ ಸ್ಟಾಪ್ ಇಳಿಯುತ್ತದೆ ಎಂದು ಅಂದಾಜಿಟ್ಟು ಮೀಟರಿನಲ್ಲಿ ಖಾತ್ರಿ ಮಾಡಿಕೊಳ್ಳಿ. ಬಟ್ಟೆ ಜೋತುಬಿದ್ದರೆ ಗಾಳಿಗೆ ಪಟಪಟ ಬಡಿದು ಬೆಳಕೂ ಉಸಿರಾಡಿದಂತೆ ಏರಿಳಿಯುತ್ತದೆ, ಧ್ವನಿಯೂ ಕೆಡುತ್ತದೆ. ಹಗ್ಗವನ್ನು ಹೆಂಚಿಗೆ ಕಟ್ಟಬೇಡಿ. ಪಕಾಸಿಗೆ ಕಟ್ಟಿ, ಅದೂ ಮನೆಯವರನ್ನು ಕೇಳಿ. ಐನ್‌ಮನೆ ಒಬ್ಬರದಲ್ಲ, ಇಡೀ ಒಕ್ಕದ್ದು, ಅಂದರೆ ಕುಲದ್ದು. ನೆಲ್ಲಕ್ಕಿ ನಡುಬಾಡೆಯ (ನಡುಮನೆಯ) ತೂಗುದೀಪದ ಬಳಿ ಚಪ್ಪಲಿ, ಟ್ರೈಪಾಡ್, ಲೈಟ್ ಸ್ಟ್ಯಾಂಡ್ ಒಯ್ಯಬಹುದೇ ಎಂಬುದನ್ನು ಹಿಂದಿನ ದಿನವೇ ಹಿರಿಯರಲ್ಲಿ ಕೇಳಿ ತಿಳಿದಿರಿ.

ಕಂಬಗಳ ನಡುವಿನ ಅಗಲ ಹಲಗೆಯ ಐಮರದ ಮೇಲೆ ಕೂತವರನ್ನು ತೆಗೆಯುವಾಗ ಕ್ಯಾಮೆರಾ ಅಂಗಳದಲ್ಲಿಡುವುದು ಎಲ್ಲರೂ ಮಾಡುವ ಕೆಲಸ. ಮುಂಭಾಗದಿಂದಲೇ ಬೆಳಕು, ಮುಖ ಚಪ್ಪಟೆ. ಕ್ಯಾಮೆರಾವನ್ನು ಜಗಲಿಯ ಮೇಲೆಯೇ, ಐಮರದ ಉದ್ದಕ್ಕೆ ಇಡಿ. ಬೆಳಕು ಪಕ್ಕದಿಂದ ಬರುತ್ತದೆ, ಒಳಗೋಡೆಯ ಕತ್ತಲು ಇನ್ನೊಂದು ಕೆನ್ನೆಗೆ ನೆರಳು ಕೊಡುತ್ತದೆ. ಕೊಡವರ ಉದ್ದ ಅಂಗಿಯಾದ ಕಪ್ಪು ಕುಪ್ಯ ಉಟ್ಟವರಿಗಂತೂ ಇದೊಂದೇ ದಾರಿ. ಬಿಳಿ ಆಕಾಶದ ಮುಂದೆ ನಿಲ್ಲಿಸಿದರೆ ಕುಪ್ಯ ಕಪ್ಪು ತೂತು, ಕತ್ತಲೆ ಗೋಡೆಯ ಮುಂದೆ ಮುಂಬೆಳಕಿನಲ್ಲಿ ನಿಲ್ಲಿಸಿದರೆ ಮನುಷ್ಯನೇ ಮಾಯ. ಪಕ್ಕದಿಂದ ಸವರಿ ಹೋಗುವ ಬೆಳಕಿನಲ್ಲಿ ಬಟ್ಟೆಯ ಮಡಿಕೆ, ಸೊಂಟಕ್ಕೆ ಸುತ್ತುವ ಚೇಲೆಯ ಕೆಂಪು ರೇಷ್ಮೆ, ಪೀಚೆಕತ್ತಿಯ ಬೆಳ್ಳಿ ಮೂರೂ ಬೇರೆಬೇರೆಯಾಗಿ ನಿಲ್ಲುತ್ತವೆ.

ಮೋಡದ ದಿನಕ್ಕೆ ಕರಿಕಂಬಳಿ

ರೋಜರ್ ಡೀಕಿನ್ಸ್ ‘1917’ ಚಿತ್ರಕ್ಕೆ (2019) ಮೋಡಕ್ಕಾಗಿ ಕಾದರು. ಒಂದೇ ಓಟದಂತೆ ಕಾಣುವ ಚಿತ್ರದಲ್ಲಿ ಬಿಸಿಲು-ನೆರಳು ಬದಲಾದರೆ ಜೋಡಣೆ ಬಯಲಾಗುತ್ತದೆ; ಹಾಗಾಗಿ ಬಿಸಿಲಿದ್ದಾಗ ತಾಲೀಮು, ಮೋಡ ಬಂದಾಗ ಟೇಕ್. ನಮಗೆ ಮಳೆಗಾಲದಲ್ಲಿ ಆ ಮೋಡ ಪುಕ್ಕಟೆ. ಆದರೆ ನಮ್ಮ ಮೋಡ ಒಂದೇ ದಪ್ಪ ಇರುವುದಿಲ್ಲ, ಒಂದೇ ಟೇಕಿನೊಳಗೆ ಎರಡು ಸ್ಟಾಪ್ ಆಚೀಚೆಯಾಗುತ್ತದೆ. ಪ್ರತಿ ಟೇಕಿಗೂ ಮೀಟರ್ ಓದಿ ಕ್ಲಾಪ್ ಬೋರ್ಡಿನ ಮೂಲೆಯಲ್ಲಿ ಬರೆಯಿರಿ. ಎಕ್ಸ್‌ಪೋಷರ್ ಆಟೋದಲ್ಲಿ ಬಿಡಬೇಡಿ, ಮೊಬೈಲಿನಲ್ಲಾದರೂ ಲಾಕ್ ಮಾಡಿ.

ಇಂಥ ದಿನ ಬೆಳಕು ಸೇರಿಸಲು ಹೋಗುವುದು ವ್ಯರ್ಥ, ತೆಗೆಯಿರಿ. ಮುಖದ ಒಂದು ಪಕ್ಕಕ್ಕೆ, ಫ್ರೇಮಿನ ಹೊರಗೆ, ಮೂರು ಅಡಿಯೊಳಗೆ ಒಂದು ಕರಿಕಂಬಳಿ ಹಿಡಿಸಿ. ಆ ಕೆನ್ನೆಗೆ ಹೋಗುತ್ತಿದ್ದ ಬೆಳಕನ್ನು ಅದು ನುಂಗುತ್ತದೆ, ಸುಮಾರು ಒಂದು ಸ್ಟಾಪ್ ವ್ಯತ್ಯಾಸ ಹುಟ್ಟುತ್ತದೆ. ಆರು ಅಡಿಗೆ ಸರಿದರೆ ಪರಿಣಾಮ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಕಂಬಳಿಯೇ ಏಕೆ? ಒರಟು ಉಣ್ಣೆ ಹೊಳೆಯುವುದಿಲ್ಲ, ಒದ್ದೆಯಾದರೂ ಪರವಾಗಿಲ್ಲ. ಕಪ್ಪು ಪ್ಲಾಸ್ಟಿಕ್ ಟಾರ್ಪಾಲು ಮಳೆಯಲ್ಲಿ ಕನ್ನಡಿಯಂತೆ ಹೊಳೆದು ಕೆಲಸ ಕೆಡಿಸುತ್ತದೆ. ಇನ್ನೊಂದು ಕಂಬಳಿ ತಲೆಯ ಮೇಲೆ ಅಡ್ಡ ಹಿಡಿದರೆ ಹುಬ್ಬಿನ ಕೆಳಗಿನ ಕಪ್ಪೂ ಹೋಗುತ್ತದೆ. ಫಾಲ್ಸ್ ಕಲರ್ (ಬೆಳಕಿನ ಮಟ್ಟವನ್ನು ಬಣ್ಣಗಳಲ್ಲಿ ತೋರಿಸುವ ಸೌಲಭ್ಯ) ಇದ್ದರೆ ಬೆಳಕಿನ ಕೆನ್ನೆ ಶೇ. 60ರ ಹತ್ತಿರ, ನೆರಳಿನದ್ದು ಶೇ. 40ರ ಸುತ್ತ ಇರುವಂತೆ ನೋಡಿಕೊಳ್ಳಿ. ಲಾಗ್‌ನಲ್ಲಿ (ಗ್ರೇಡಿಂಗಿಗೆಂದು ಚಪ್ಪಟೆಯಾಗಿ ದಾಖಲಿಸುವ ಬಗೆ) ತೆಗೆಯುತ್ತಿದ್ದರೆ ಈ ಅಂಕಿ ಹೊಂದುವುದಿಲ್ಲ, ಅದನ್ನು ಸಹಜ ಚಿತ್ರವಾಗಿಸುವ ಲಟ್ (LUT) ಹಾಕಿದ ಮೇಲೆ ಓದಿ.

ಮಂಜು, ಮಳೆ

ಕೊಡಗಿನಲ್ಲಿ ಎರಡು ಬಗೆಯ ಮಂಜು. ಡಿಸೆಂಬರ್-ಜನವರಿಯ ಮುಂಜಾವಿನದ್ದು ಕಣಿವೆಯಲ್ಲಿ ತುಂಬಿ ನಿಂತಿರುತ್ತದೆ, ಬಿಸಿಲೇರಿದ ಹಾಗೆ ಕರಗುತ್ತದೆ. ಅದಕ್ಕೆ ಸಮಯ ಹೊಂದಿಸಿಕೊಳ್ಳಬಹುದು. ಮಳೆಗಾಲದಲ್ಲಿ ಮಾಂದಲಪಟ್ಟಿ, ತಲಕಾವೇರಿಗಳಲ್ಲಿ ಬರುವುದು ಮಂಜಲ್ಲ, ಮೋಡವೇ. ನಿಮಿಷದಲ್ಲಿ ಬಂದು ನಿಮಿಷದಲ್ಲಿ ಹೋಗುತ್ತದೆ. ಅದನ್ನು ನಂಬಿ ಸಂಭಾಷಣೆಯ ದೃಶ್ಯ ಇಟ್ಟುಕೊಂಡರೆ ಎಡಿಟಿಂಗಿನಲ್ಲಿ ಒಂದು ಶಾಟಿನಲ್ಲಿ ಬೆಟ್ಟ ಇರುತ್ತದೆ, ಮುಂದಿನದರಲ್ಲಿ ಇರುವುದಿಲ್ಲ.

ಎರಡಕ್ಕೂ ನಿಯಮ ಒಂದೇ. ಕ್ಯಾಮೆರಾದ ಮೀಟರ್ ಬಿಳುಪನ್ನು ಬೂದು ಮಾಡುತ್ತದೆ, ಮುಕ್ಕಾಲಿನಿಂದ ಒಂದು ಸ್ಟಾಪ್ ಹೆಚ್ಚಿಗೆ ಕೊಡಿ. ಹತ್ತು ಅಡಿಯೊಳಗೆ ಕಪ್ಪಾದ ಒಂದು ವಸ್ತು ಇರಲಿ, ಒದ್ದೆ ಕಾಂಡವೋ ಗೇಟಿನ ಕಂಬವೋ. ಅದಿಲ್ಲದೆ ಮಂಜಿಗೆ ಅಳತೆಯೇ ಸಿಗುವುದಿಲ್ಲ. ಬೆಳಕಿನ ಕೋಲುಗಳು ಬೇಕಾದರೆ ಸೂರ್ಯನ ಕಡೆಗೇ ಕ್ಯಾಮೆರಾ ತಿರುಗಿಸಿ, ಸೂರ್ಯನನ್ನು ಮಾತ್ರ ಒಂದು ಕಾಂಡದ ಹಿಂದೆ ಬಚ್ಚಿಡಿ. ಮಂಜಿನ ಹನಿ ಬೆಳಕನ್ನು ಹೆಚ್ಚಾಗಿ ಮುಂದಕ್ಕೇ ಚೆಲ್ಲುತ್ತದೆ, ಸೂರ್ಯ ನಿಮ್ಮ ಬೆನ್ನ ಹಿಂದಿದ್ದರೆ ಕೋಲುಗಳು ಕಾಣುವುದೇ ಇಲ್ಲ. ಕೋಲು ಕಾಣಲೆಂದು ಬೇಸಿಗೆಯಲ್ಲಿ ತರಗು ಸುಟ್ಟು ಹೊಗೆ ಹಾಕುವವರಿದ್ದಾರೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಇಲ್ಲಿ ತರಗಿಗೆ ಬೆಂಕಿ ಬಿದ್ದರೆ ಅದು ತೋಟದ ಬೇಲಿಯಲ್ಲಿ ನಿಲ್ಲುವುದಿಲ್ಲ.

ಮಳೆ ಕಾಣಿಸುವುದು ಇನ್ನೂ ಕಷ್ಟ. ‘ರಾಶೋಮನ್’ ಚಿತ್ರದ ಹೆಬ್ಬಾಗಿಲಿನ ಮಳೆ ಬೂದು ಆಕಾಶದ ಮುಂದೆ ಕಾಣದೆ ನೀರಿಗೆ ಕಪ್ಪು ಶಾಯಿ ಬೆರೆಸಿದರು. ಶಾಯಿಯ ಬದಲು ನಾವು ಹಿನ್ನೆಲೆ ಬದಲಿಸಬಹುದು. ಮಳೆಯ ಹಿಂದೆ ಕತ್ತಲು ಇರಬೇಕು, ಬೆಳಕು ಮಳೆಯ ಹಿಂದಿನಿಂದ ಬರಬೇಕು. ಆಕಾಶ ಪೂರ್ತಿ ಫ್ರೇಮಿನಿಂದ ಹೊರಗೆ. ಹಿಂದೆ ದಟ್ಟ ತೋಟ ಅಥವಾ ತೆರೆದ ಬಾಗಿಲಿನ ಕತ್ತಲು. ಸೂರಿನ ನೀರು ಧಾರೆಯಾಗಿ ಬೀಳುವ ಜಾಗವನ್ನು ಮನೆಯೊಳಗಿನಿಂದ ನೋಡಿ ತೆಗೆದರೆ ಅರ್ಧ ಕೆಲಸ ತಾನೇ ಆಗುತ್ತದೆ.

ಶಟರ್ ಇಲ್ಲಿ ಮುಖ್ಯ. ದಪ್ಪ ಹನಿ ಸೆಕೆಂಡಿಗೆ ಎಂಟೊಂಬತ್ತು ಮೀಟರ್ ವೇಗದಲ್ಲಿ ಬೀಳುತ್ತದೆ. ಶಟರ್ 1/50 ಸೆಕೆಂಡಿನಲ್ಲಿದ್ದರೆ ಅದು 16–18 ಸೆಂಟಿಮೀಟರಿನ ಗೆರೆ, 1/500ರಲ್ಲಿ ಎರಡು ಸೆಂಟಿಮೀಟರಿಗೂ ಕಮ್ಮಿ, ಅಂದರೆ ಬರೀ ಚುಕ್ಕೆ. ಸೋನೆ ಮಳೆಯ ಸಣ್ಣ ಹನಿ 1/50ರಲ್ಲೂ ನಾಲ್ಕು ಸೆಂಟಿಮೀಟರ್ ದಾಟುವುದಿಲ್ಲ, ಅದಕ್ಕೇ ಮಡಿಕೇರಿಯ ಜಿಟಿಜಿಟಿ ಎಷ್ಟು ಹೊತ್ತು ತೆಗೆದರೂ ಒದ್ದೆ ನೆಲ ಬಿಟ್ಟು ಬೇರೇನೂ ದಾಖಲಾಗುವುದಿಲ್ಲ. ಸೋನೆಯ ದಿನ ಮಳೆಯನ್ನೇ ತೋರಿಸಲು ಹೋಗದೆ ಅದರ ಗುರುತು ತೋರಿಸಿ: ನೀರಿನ ಗುಂಡಿಯ ಉಂಗುರ, ಕೊಡೆಯ ಅಂಚು, ಹೆಂಚಿನ ಹೊಳಪು. ಎಸ್. ಕೃಷ್ಣ ಛಾಯಾಗ್ರಹಣದ ‘ಮುಂಗಾರು ಮಳೆ’ (2006) ಮಡಿಕೇರಿ, ಸಕಲೇಶಪುರದ ಸುತ್ತ ತೆಗೆದದ್ದು, ಎಚ್.ಎಂ. ರಾಮಚಂದ್ರ ಛಾಯಾಗ್ರಹಣದ ‘ದ್ವೀಪ’ದಲ್ಲೂ (2002) ಮಳೆ ಒಂದು ಪಾತ್ರವೇ. ಎರಡನ್ನೂ ಅಕ್ಕಪಕ್ಕ ಇಟ್ಟು, ಯಾವ ಶಾಟಿನಲ್ಲಿ ಹನಿ ಕಂಡಿತು, ಆಗ ಹನಿಯ ಹಿಂದೆ ಏನಿತ್ತು ಎಂದಷ್ಟೇ ಪಟ್ಟಿ ಮಾಡಿ. ಒಂದು ಸಂಜೆಯ ಕೆಲಸ, ಬಹಳ ಕಲಿಸುತ್ತದೆ.

ಗಾಜಿನ ಹೆಂಚಿನ ಕೆಳಗೆ

ಗಾರ್ಡನ್ ವಿಲ್ಲಿಸ್ ‘ದಿ ಗಾಡ್‌ಫಾದರ್’ನಲ್ಲಿ (1972) ತಲೆಯ ಮೇಲಿನಿಂದ ಬೆಳಕು ಕೊಟ್ಟು ಮಾರ್ಲನ್ ಬ್ರಾಂಡೊ ಕಣ್ಣುಗಳನ್ನು ಕತ್ತಲಲ್ಲಿ ಬಿಟ್ಟರು. ಬ್ರಾಂಡೊ ಹಾಕಿಕೊಂಡ ಮುಖದ ಮೇಕಪ್ಪಿಗೂ ಆ ಬೆಳಕೇ ಹೊಂದುತ್ತಿತ್ತು. ನಮ್ಮ ಹಳೆಯ ಅಡುಗೆಮನೆಗಳಲ್ಲಿ ಗಾಜಿನ ಹೆಂಚು ಇದೇ ಬೆಳಕನ್ನು ಉಚಿತವಾಗಿ ಕೊಡುತ್ತದೆ. ಹನ್ನೊಂದರಿಂದ ಒಂದರೊಳಗೆ ಬಿಸಿಲಿದ್ದರೆ ಹೆಂಚಿನ ಗಾತ್ರದ ಒಂದು ಕೋಲು ಒಲೆಯ ಹೊಗೆಯಲ್ಲಿ ನೇರ ಇಳಿಯುತ್ತದೆ. ನಟನನ್ನು ಆ ಕೋಲಿನೊಳಗೆ ನಿಲ್ಲಿಸಬೇಡಿ; ನೆತ್ತಿ ಸುಟ್ಟು ಕಣ್ಣುಗುಳಿ ಮಸಿಯಾಗುತ್ತದೆ. ಒಂದು ಹೆಜ್ಜೆ ಹಿಂದೆ ಕೂರಿಸಿ, ಕೋಲು ಬೀಳುವ ಜಾಗದಲ್ಲಿ ಒಂದು ಮೊರದ ತುಂಬ ಅಕ್ಕಿ ಇಡಿ. ಅಕ್ಕಿಯಿಂದ ಪುಟಿದ ಬೆಳಕು ಗಲ್ಲದ ಕೆಳಗಿನಿಂದ ಮೇಲಕ್ಕೇರಿ ಕಣ್ಣಿಗೆ ಒಂದು ಬಿಂದು ಕೊಡುತ್ತದೆ. ಅಕ್ಕಿ ಆರಿಸುವ ದೃಶ್ಯವೇ ಆದರೆ ಯಾರಿಗೂ ಅದು ಲೈಟಿಂಗ್ ಎಂದು ತಿಳಿಯುವುದೂ ಇಲ್ಲ. ಮಸಿ ಹಿಡಿದ ಗೋಡೆ ಕಪ್ಪಾಗಿಯೇ ಇರಲಿ. ಆ ಕಪ್ಪನ್ನು ಗ್ರೇಡಿಂಗಿನಲ್ಲಿ (ಆಮೇಲೆ ಬಣ್ಣ ತಿದ್ದುವಾಗ) ಎತ್ತಿದರೆ ಬರುವುದು ಗೋಡೆಯಲ್ಲ, ನಾಯ್ಸ್, ಅಂದರೆ ಕಾಳುಕಾಳು.

ಇಳಿಹೊತ್ತಿನ ಇಪ್ಪತ್ತು ನಿಮಿಷ

ನೆಸ್ತೊರ್ ಅಲ್ಮೆಂದ್ರೊಸ್ ‘ಡೇಸ್ ಆಫ್ ಹೆವನ್’ (1978) ಚಿತ್ರದ ಬಹಳಷ್ಟನ್ನು ಸೂರ್ಯ ಮುಳುಗಿದ ಮೇಲಿನ ಬೆಳಕಿನಲ್ಲಿ ತೆಗೆದು ಆಸ್ಕರ್ ಪಡೆದರು. ಅವರು ತೆಗೆದದ್ದು ಕೆನಡಾದ ಆಲ್ಬರ್ಟಾದಲ್ಲಿ. ಅಲ್ಲಿ ಸೂರ್ಯ ಓರೆಯಾಗಿ ಇಳಿಯುತ್ತಾನೆ, ಮುಸ್ಸಂಜೆ ಎಳೆಯುತ್ತದೆ. ಇಲ್ಲಿ ಹೆಚ್ಚುಕಮ್ಮಿ ನೇರ ಇಳಿಯುವುದರಿಂದ ಸಿಗುವುದು 22 ನಿಮಿಷ, ಅಷ್ಟರಲ್ಲಿ ಬೆಳಕು ಏಳು ಸ್ಟಾಪ್ ಬೀಳುತ್ತದೆ. ಸರಾಸರಿ ಮೂರು ನಿಮಿಷಕ್ಕೊಂದು ಸ್ಟಾಪ್, ಕೊನೆಕೊನೆಗೆ ಇನ್ನೂ ಬೇಗ. ಎನ್‌ಡಿ ಫಿಲ್ಟರ್ (ಬೆಳಕು ತಗ್ಗಿಸುವ ಗಾಜು) ಹಾಕಿಯೇ ಶುರು ಮಾಡಿ, ಟೇಕುಗಳ ನಡುವೆ ಅದನ್ನು ತೆಗೆಯುತ್ತ ಬನ್ನಿ, ಆಮೇಲೆ ಐಎಸ್‌ಓ (ಕ್ಯಾಮೆರಾದ ಸಂವೇದನೆ) ಏರಿಸಿ. ಪೂರ್ವಕ್ಕೆ ನೋಡುವ ಶಾಟ್ ಮೊದಲು, ಪಶ್ಚಿಮದ ಆಕಾಶ ಇರುವ ಶಾಟ್ ಕೊನೆಗೆ. ರಾಜಾಸೀಟಿನಂಥ ಪಶ್ಚಿಮಕ್ಕೆ ತೆರೆದ ಜಾಗದಲ್ಲಿ ಈ ಲೆಕ್ಕ ಸರಿ. ಭಾಗಮಂಡಲದಂಥ ಕಣಿವೆಯಲ್ಲಿ ಬೆಟ್ಟ ಸೂರ್ಯನನ್ನು ಮೊದಲೇ ನುಂಗುವುದರಿಂದ ಹಿಂದಿನ ದಿನ ಹೋಗಿ ಗಡಿಯಾರ ನೋಡಿಟ್ಟುಕೊಳ್ಳಿ.

ಪುತ್ತರಿಯ ರಾತ್ರಿ

ಕೊಡಗಿನ ಈ ಸುಗ್ಗಿ ಹಬ್ಬದಲ್ಲಿ ರೀಟೇಕ್ ಇಲ್ಲ. ನೆರೆ (ಎಲೆಗಳ ಕಟ್ಟು) ಕಟ್ಟುವ, ಕದಿರು (ಭತ್ತದ ತೆನೆ) ತೆಗೆಯುವ ಮುಹೂರ್ತ ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಾಲಯದಲ್ಲಿ ನಿಗದಿಯಾಗುತ್ತದೆ, ನಿಮ್ಮ ಬ್ಯಾಟರಿಗಾಗಿ ಯಾರೂ ಕಾಯುವುದಿಲ್ಲ. ಹುಣ್ಣಿಮೆಯ ಆಸುಪಾಸಿನ ರಾತ್ರಿ ಎಂದು ಬೆಳದಿಂಗಳನ್ನು ನಂಬಬೇಡಿ: ಎಫ್ 1.4 (ಈ ಅಂಕಿ ಕಮ್ಮಿಯಾದಷ್ಟೂ ಲೆನ್ಸಿನೊಳಗೆ ಬೆಳಕು ಹೆಚ್ಚು), ಐಎಸ್‌ಓ 3200, 1/50 ಇಟ್ಟರೂ ಅದು ಐದಾರು ಸ್ಟಾಪ್ ಕಮ್ಮಿ ಬೀಳುತ್ತದೆ. ಕೆಲಸ ಮಾಡುವುದು ದೀಪ ಮತ್ತು ಪಂಜು ಮಾತ್ರ.

ಮೇಣದಬತ್ತಿಯ ಬೆಳಕಿನಲ್ಲಿ ‘ಬ್ಯಾರಿ ಲಿಂಡನ್’ (1975) ತೆಗೆದ ಜಾನ್ ಆಲ್ಕಾಟ್ ಬಳಿ ಎಫ್ 0.7ರ 50 ಮಿ.ಮೀ. ಝೈಸ್ ಲೆನ್ಸ್ ಇತ್ತು. ನಿಮ್ಮ ಬಳಿ ಇರುವುದು ಎಫ್ 1.8, ಸುಮಾರು 2.7 ಸ್ಟಾಪ್ ಹಿಂದೆ. ಆದರೆ ಅವರ ಫಿಲ್ಮು ಸಂಸ್ಕರಣೆಯಲ್ಲಿ ತಳ್ಳಿದರೂ 200ರ ವೇಗಕ್ಕೆ ನಿಂತಿತು. ನೀವು 3200ಕ್ಕೆ ಹೋದರೆ ನಾಲ್ಕು ಸ್ಟಾಪ್ ಮುಂದೆ, ಒಟ್ಟು ಲೆಕ್ಕದಲ್ಲಿ ನೀವೇ ಶ್ರೀಮಂತರು. ಅವರಿಗಿದ್ದು ನಿಮಗಿಲ್ಲದ್ದು ದೀಪಗಳ ಸಂಖ್ಯೆ. ಮುಖದಿಂದ ಒಂದು ಅಡಿಯಲ್ಲಿದ್ದ ದೀಪ ಎರಡು ಅಡಿಗೆ ಹೋದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ, ಎರಡು ಸ್ಟಾಪ್ ನಷ್ಟ. ಹಾಗಾಗಿ ದೀಪ ಹಿಡಿದವರ ಮುಖಕ್ಕೇ ಎಕ್ಸ್‌ಪೋಷರ್ ಕಟ್ಟಿ. ಜ್ವಾಲೆ ಹೇಗೂ ಫ್ರೇಮಿನಲ್ಲಿ ಬೆಳ್ಳಗೆ ಸುಟ್ಟುಹೋಗುತ್ತದೆ, ಹೋಗಲಿ. ವೈಟ್ ಬ್ಯಾಲೆನ್ಸ್ 3200ಕ್ಕೆ ನಿಲ್ಲಿಸಿ; ಆಟೋದಲ್ಲಿ ಬಿಟ್ಟರೆ ಕ್ಯಾಮೆರಾ ಕಿತ್ತಳೆ ಬಣ್ಣವನ್ನೆಲ್ಲ ತಿದ್ದಿ ಪಂಜನ್ನು ಟ್ಯೂಬ್‌ಲೈಟು ಮಾಡುತ್ತದೆ. ಅಂದಹಾಗೆ ಅಂಗಳದ ನಿಜವಾದ ಟ್ಯೂಬ್‌ಲೈಟನ್ನು ಆರಿಸಲು ಮನೆಯವರನ್ನು ಮೊದಲೇ ಕೇಳಿಕೊಳ್ಳಿ. ಆರಿಸಲಾಗದಿದ್ದರೆ ಶಟರ್ 1/50 ಅಥವಾ 1/100ರಲ್ಲೇ ಇರಲಿ, ಇಲ್ಲವಾದರೆ ಪಟ್ಟೆಪಟ್ಟೆಯಾಗಿ ಮಿಣುಕುತ್ತದೆ.

ಕದಿರು ತೆಗೆಯುವಾಗ ಗಾಳಿಯಲ್ಲಿ ಗುಂಡು ಹಾರುತ್ತದೆ. ಕೋವಿಯ ಬಾಯಿಯ ಮಿಂಚು ಕೆಲವೇ ಮಿಲಿಸೆಕೆಂಡಿನದು. ರೋಲಿಂಗ್ ಶಟರ್ ಇರುವ (ಫ್ರೇಮನ್ನು ಸಾಲುಸಾಲಾಗಿ ಓದುವ) ಕ್ಯಾಮೆರಾದಲ್ಲಿ ಫ್ರೇಮಿನ ಅರ್ಧ ಮಾತ್ರ ಬೆಳಗಿ ನಡುವೆ ಅಡ್ಡಗೆರೆ ಬೀಳುತ್ತದೆ. ಕೋವಿಯನ್ನು ಫ್ರೇಮಿನಿಂದ ಹೊರಗಿಟ್ಟು, ಕದಿರು ಹಿಡಿದ ಕೈಗಳ ಮೇಲೆ ನಿಲ್ಲಿ. ‘ಪೊಲಿ ಪೊಲಿ ದೇವಾ’ ಕೂಗೂ ಗುಂಡಿನ ಸದ್ದೂ ಧ್ವನಿಯಾಗಿ ಬಂದರೆ ಸಾಕು. ರೆಕಾರ್ಡರಿನ ಮಟ್ಟವನ್ನು ಮೊದಲೇ 20 ಡೆಸಿಬೆಲ್ ಇಳಿಸಿದ ಇನ್ನೊಂದು ಟ್ರ್ಯಾಕ್ ಇರಲಿ.

ಮನೆಗೆ ಬಂದ ಮೇಲೆ

ಎಸಿ ಕಾರಿನಿಂದ ಇಳಿಸಿದ ತಣ್ಣನೆ ಲೆನ್ಸ್ ಮಳೆಗಾಲದ ಗಾಳಿಗೆ ತಾಗಿದ ಕೂಡಲೇ ಮಬ್ಬಾಗುತ್ತದೆ. ಮುಂಜಾವಿನ ಚಳಿಯಿಂದ ಬಿಸಿ ಅಡುಗೆಮನೆಗೆ ತಂದರೂ ಅಷ್ಟೇ. ಒರೆಸಬೇಡಿ. ತಣ್ಣನೆ ಜಾಗದಿಂದ ತೆಗೆಯುವ ಮೊದಲೇ ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ತಂದ ಮೇಲೆ ಅರ್ಧ ಗಂಟೆ ಬಿಟ್ಟರೆ ಹನಿ ಚೀಲದ ಹೊರಗೆ ಕೂರುತ್ತದೆ, ಲೆನ್ಸಿನ ಮೇಲಲ್ಲ. ಟ್ರೈಪಾಡ್ ಕಾಲುಗಳನ್ನು ಬಿಚ್ಚಿ ಕೆಸರು ತೊಳೆದು ತೆರೆದೇ ಒಣಗಿಸಿ. ಚೀಲದೊಳಗೆ ಇಂಬಳ ಸೇರಿದೆಯೇ ಎಂದೂ ನೋಡಿ.

ನಿಜವಾದ ಶತ್ರು ಬೂಷ್ಟು. ಜೂನ್‌ನಿಂದ ನಾಲ್ಕು ತಿಂಗಳು ಮನೆಯೊಳಗಿನ ತೇವಾಂಶವೇ ಅದಕ್ಕೆ ಸಾಕು. ಚರ್ಮದ ಕೇಸಿನಲ್ಲಿಟ್ಟ ಲೆನ್ಸಿಗೆ ಮೊದಲು ಹಿಡಿಯುತ್ತದೆ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, 200 ಗ್ರಾಂ ಬಣ್ಣ ಬದಲಿಸುವ ಸಿಲಿಕಾ ಜೆಲ್, ಒಂದು ಚಿಕ್ಕ ತೇವಾಂಶ ಮಾಪಕ ಇಟ್ಟುಕೊಳ್ಳಿ. ಮುಳ್ಳು 40ರಿಂದ 50ರೊಳಗಿದ್ದರೆ ಸರಿ. 60 ದಾಟಿದರೆ ಜೆಲ್ಲನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ, ಬಣ್ಣ ಮರಳುವ ತನಕ ಹುರಿಯಿರಿ. ಆರಿದ ಮೇಲೆಯೇ ಡಬ್ಬಿಗೆ ಹಾಕಿ, ಮತ್ತು ಆ ಬಾಣಲೆಯನ್ನು ಅಡುಗೆಗೆ ವಾಪಸು ಕೊಡಬೇಡಿ.